ಕೂಸಿನ ತೂಕದ ಬೆಲ್ಲ

ಗಂಜದ, ಅಂದರೆ ಕಾಳಿನ ಪೇಟೆಯ, ತಕ್ಕಡಿಯನ್ನು ಹೆಗಲಿಗೇರಿಸಿಕೊಂಡು ಹಾಡಹಗಲಲ್ಲೇ ಮನೆಯ ದಾರಿ ಹಿಡಿದ ಮನ್ಮಥಪ್ಪನಿಗೆ, ಬೀದರದ ಜನಕ್ಕೆಲ್ಲ ತನ್ನ ಮಗಳ ತೂಕದ್ದೇ ಚಿಂತೆ ಹತ್ತಿದೆ ಅನ್ನಿಸಿತು. ಹಾಗೇನೂ ಇರಲಿಲ್ಲ. ಚೌಬಾರದ ಗೋಪುರದ ನೆರಳಲ್ಲಿ ಕುಳಿತ ಪೇರಲ ಹಣ್ಣಿನವಳು ನೊಣ ಓಡಿಸುತ್ತಿದ್ದಳು, ಬಿದರಿ ಕೆಲಸದವರ ಓಣಿಯಿಂದ ಉಳಿಯ ಸದ್ದು ಎಂದಿನಂತೆ ಬರುತ್ತಿತ್ತು, ಟಾಂಗಾದ ಕುದುರೆ ನಿಂತಲ್ಲೇ ತೂಕಡಿಸುತ್ತಿತ್ತು. ಹೆಜ್ಜೆಗೊಮ್ಮೆ ಒಂದು ತಟ್ಟೆ ಎದೆಗೆ, ಇನ್ನೊಂದು ಬೆನ್ನಿಗೆ ಬಡಿದು ಠಣ್ ಎನ್ನುತ್ತಿದ್ದುದರಿಂದ ಒಂದಿಬ್ಬರು ತಲೆ ಎತ್ತಿ ನೋಡಿದ್ದರು, ಅಷ್ಟೇ. ಗಂಜದ ಬಾಗಿಲಲ್ಲಿ ಹಮಾಲ ಕರೀಮ ಸಾಬ ಮಾತ್ರ ಸುಮ್ಮನೆ ಬಿಟ್ಟಿರಲಿಲ್ಲ. "ಅರೆ ಪಾವಶೇರ, ತಕ್ಕಡಿ ಹೊತ್ಗೊಂಡು ಎಲ್ಲಿಗಿ ಹೊಂಟಿ ಭೈ? ಮನ್ಯಾಗ ತೊಗರಿ ರಾಶಿ ಆಗ್ಯಾದೇನು?" ಎಂದು ಕೇಳಿದ್ದ. ಕೂಸು ತೂಗುವುದಿದೆ ಎಂದು ಇವನು ಬಾಯಿತಪ್ಪಿ ಹೇಳಿದ್ದೇ ತಡ, "ಅದಕ್ಕ ಈ ತಕ್ಕಡಿ ಯಾಕೋ, ಅಕ್ಕಸಾಲಿಗನ ಕಾಟಾ ಒಯ್ಯಬೇಕಾಗಿತ್ತು!" ಎಂದು ಹೊಟ್ಟೆ ಕುಣಿಸಿ ನಕ್ಕಿದ್ದ. ಆ ನಗುವಿನಲ್ಲಿ ವಿಷವಿರಲಿಲ್ಲ. ಕೂಸು ಹುಟ್ಟಿದ ಸುದ್ದಿ ಬಂದಾಗ ಇಡೀ ಗಂಜಕ್ಕೆ ಉತ್ತತ್ತಿ ಹಂಚಿದವನೂ ಕರೀಮ ಸಾಬನೇ. ಆದರೂ ಮನ್ಮಥಪ್ಪ ನಗಲಾರದೆ ನಕ್ಕು, ಹತ್ತು ಮಾರು ನಡೆದ ಮೇಲೆ ಕೊಡಬೇಕಾಗಿದ್ದ ಉತ್ತರವನ್ನು ಮನಸ್ಸಿನಲ್ಲೇ ಕೊಟ್ಟು, ಆ ಉತ್ತರವೂ ಸಪ್ಪೆ ಅನ್ನಿಸಿ, ತನ್ನ ಮೇಲೆ ತಾನೇ ಸಿಟ್ಟಾದ.

ಪಾವಶೇರ, ಅಂದರೆ ಕಾಲು ಸೇರು, ಎಂಬ ಹೆಸರು ಇಂದು ನಿನ್ನೆಯದಲ್ಲ. ಗಂಜದ ತೂಕದವರಲ್ಲೆಲ್ಲ ಕುಳ್ಳ ಅವನೇ. ಮುಳ್ಳು ನೋಡಲು ಬೇರೆಯವರು ಬಗ್ಗಿದರೆ ಇವನು ಕತ್ತು ಎತ್ತಬೇಕು. ಅದು ಅವನಿಗೆ ಒಗ್ಗಿಹೋಗಿತ್ತು. ಹೆಂಡತಿ ಅನುಸೂಯಾ ಎಕಂಬಾದ ತವರುಮನೆಯಿಂದ ಮಗಳನ್ನು ಎತ್ತಿಕೊಂಡು ಗಾಡಿ ಇಳಿದಾಗಿನಿಂದ ಅದೇ ಹೆಸರು ಮಗಳಿಗೂ ಅಂಟಿಕೊಳ್ಳುತ್ತದೆಯೇನೋ ಎಂಬುದೇ ಒಗ್ಗದ ಸಂಕಟ. ಮಗಳು ತುಂಬು ತಿಂಗಳಿಗೆ ಮೊದಲೇ ಹುಟ್ಟಿದ್ದಳು. ತೀರಿಹೋದ ಮನ್ಮಥಪ್ಪನ ತಾಯಿಯ ಹೆಸರನ್ನೇ, ಗುಂಡಮ್ಮ ಎಂದು, ಇಟ್ಟಿದ್ದರು. ನೋಡಲು ಬಂದವರು ಮೊದಲು ಹೆಸರು ಕೇಳುವರು, ಆಮೇಲೆ ತೊಟ್ಟಿಲಲ್ಲಿ ಇಣುಕುವರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. "ಎಷ್ಟು ತಿಂಗಳಾತ್ರೀ?" ಎಂಬ ಪ್ರಶ್ನೆಯಲ್ಲಿ ತಿಂಗಳ ವಿಚಾರ ಒಂದಿಷ್ಟೂ ಇರುವುದಿಲ್ಲ ಎಂಬುದನ್ನು ಮನ್ಮಥಪ್ಪ ಅವರು ಬಂದ ಈ ಒಂದು ತಿಂಗಳಲ್ಲಿ ಕಲಿತಿದ್ದ. ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತದೆ ಎಂದೊಬ್ಬರು. ಅಪ್ಪನ ಹಾಗೇ ಎಂದೊಬ್ಬರು. ಅವನಿಗೋ, ಆ ಕೂಸಿನ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇಷ್ಟಗಲ ಕಣ್ಣು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಂಜದಲ್ಲಿ ಯಾರಾದರೂ ಅಂದಾರು ಎಂದು ಯಾರ ಮುಂದೂ ಆಡದೆ ಒಳಗೇ ಇಟ್ಟುಕೊಂಡಿದ್ದ.

ಮನೆಯ ಹಿರಿಯರ ಮುಂದೆ ಗಂಡಸು ತನ್ನ ಕೂಸನ್ನು ಎತ್ತಿಕೊಳ್ಳುವ ಹಾಗಿಲ್ಲ. ಎತ್ತಿದರೆ ನಾಚಿಕೆಗೆಟ್ಟವನು. ಅಪ್ಪ ಹಾವಗೆಪ್ಪ ಪಡಸಾಲೆಯಲ್ಲಿ ಕುಳಿತಿರುವಷ್ಟು ಹೊತ್ತೂ ಮನ್ಮಥಪ್ಪ ತೊಟ್ಟಿಲ ಪಕ್ಕದಲ್ಲೇ, ಅದು ಯಾರದೋ ತೊಟ್ಟಿಲು ಎನ್ನುವಂತೆ, ಹಾದುಹೋಗಬೇಕು. ಅಪ್ಪ ಮಠಕ್ಕೆ ಹೋದ ಒಂದು ಮಧ್ಯಾಹ್ನ ಮಾತ್ರ ಅನುಸೂಯಾ ದನದ ಕೊಟ್ಟಿಗೆಗೆ ಕೂಸನ್ನು ತಂದು, ಮಾತಾಡದೆ ಅವನ ಕೈಗೆ ಕೊಟ್ಟು, ಬಾಗಿಲಲ್ಲಿ ಕಾವಲು ನಿಂತಿದ್ದಳು. ಕಳ್ಳ ಮಾಲು ಹಿಡಿದವನಂತೆ ಅವನು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಕೂಸು ಅವನ ಮುಖವನ್ನು ದಿಟ್ಟಿಸಿ, ಆಕಳಿಸಿ, ಮುಷ್ಟಿಗೆ ಸಿಕ್ಕ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿತ್ತು. ದಿನಕ್ಕೆ ನೂರು ಚೀಲ ತೂಗುವ ಕೈಗೆ ಆಗ ತೂಕ ನೋಡಬೇಕೆಂಬ ನೆನಪೇ ಬಂದಿರಲಿಲ್ಲ. ಈಗ ಓಣಿಯ ತಿರುವಿನಲ್ಲಿ ತಕ್ಕಡಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ಅಂದು ಒಂದು ಕ್ಷಣ ಅಂದಾಜು ಮಾಡಿದ್ದರೆ ಇವತ್ತಿನ ಗತಿ ಮೊದಲೇ ತಿಳಿಯುತ್ತಿತ್ತಲ್ಲ ಎಂದುಕೊಂಡ.

ಇವತ್ತಿನ ಗತಿ ಎಂದರೆ ಅದು ಮನೆತನದ ಪದ್ಧತಿ. ಅವರ ಮನೆಯಲ್ಲಿ ಕೂಸಿಗೆ ಮೊದಲ ಅನ್ನ ಉಣ್ಣಿಸುವ ದಿನ ಅದನ್ನು ತಕ್ಕಡಿಯಲ್ಲಿ ಕೂಡಿಸಿ ಒಂದು ಇಡೀ ಪೆಂಟೆ ಬೆಲ್ಲಕ್ಕೆ, ಒಡೆಯದ ದೊಡ್ಡ ಅಚ್ಚಿಗೆ, ತೂಗುತ್ತಾರೆ. ತೂಗಿದ ಬೆಲ್ಲ ಹೇಗಿದ್ದರೂ ಮಠದ ದಾಸೋಹಕ್ಕೆ. ಬೆಲ್ಲದ ತಟ್ಟೆ ಮೇಲೆದ್ದರೆ ಕೂಸು ಗಟ್ಟಿ. ಕೂಸಿನ ತಟ್ಟೆ ಮೇಲೆದ್ದರೆ ತಾಯಿಯ ಹಾಲು ಸಾಲದು ಎಂದರ್ಥ. ಅಂಥ ಕೂಸನ್ನು ಎಮ್ಮೆ ಕಟ್ಟಿದ ನೆಂಟರ ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ಬಿಡಬೇಕು. ಅಕ್ಕ ಗುರಮ್ಮನ ಭಾಲ್ಕಿಯ ಮನೆಯಲ್ಲಿ ಎಮ್ಮೆಗಳಿದ್ದವು. ಅವಳ ಗಂಡುಮಕ್ಕಳೆಲ್ಲ ಪೆಂಟೆಯನ್ನು ಗಾಳಿಗೆ ಹಾರಿಸಿದವರೇ. ಮನ್ಮಥಪ್ಪ ಮಾತ್ರ ಹಾರಿಸಿರಲಿಲ್ಲ. ಹಾವಗೆಪ್ಪ ಆಗ ಗಂಜದಲ್ಲಿ ಹೆಸರಾದ ತೂಕದವನು. ಅವನ ಕೈಯಲ್ಲಿ ತೂಕ ಎಂದರೆ ಮಾತು ಮುಗಿಯಿತು ಎಂದು ಸಾಹುಕಾರರು ಹೇಳುತ್ತಿದ್ದರಂತೆ. ಅಂಥವನು ತನ್ನ ಮಗನನ್ನು ತೂಗಿ, ಮುಳ್ಳು ನೋಡಿ, "ಇಲ್ಲ" ಎಂದಿದ್ದ. ಮರುದಿನವೇ ಗಾಡಿ ಭಾಲ್ಕಿಗೆ ಹೊರಟಿತ್ತು, ಆಗ ಇದ್ದ ಸೋದರತ್ತೆಯ ಮನೆಗೆ. ಒಂದು ಸುಗ್ಗಿ ಎಂದದ್ದು ಕೂಸಿಗೆ ಹೊಂದಿಕೆಯಾಯಿತೆಂದು ಮೂರು ಸುಗ್ಗಿಯಾಯಿತು. ತಿರುಗಿ ಬಂದ ದಿನ ಅಂಗಳದಲ್ಲಿ ಯಾರೋ ಹೆಂಗಸು ಕೈ ಚಾಚಿ "ಬಾರೋ ನನ್ನಪ್ಪಾ" ಎಂದು ಕರೆದದ್ದು, ತಾನು ಗಾಡಿಯ ಗಾಲಿಯ ಹಿಂದೆ ಬಚ್ಚಿಟ್ಟುಕೊಂಡದ್ದು, ಆ ಹೆಂಗಸು ಚಾಚಿದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದದ್ದು ಅವನಿಗೆ ನೆನಪಿತ್ತು. ಅವಳೇ ತಾಯಿ. ಆಮೇಲೆ ಎಷ್ಟು ವರ್ಷ ಅವಳ ಕೈಯ ರೊಟ್ಟಿ ತಿಂದರೂ ಆ ಗಾಲಿ ನಡುವೆ ಇದ್ದೇ ಇತ್ತು. ತನ್ನ ಮಗಳು ಎಂದಾದರೊಂದು ದಿನ ಅನುಸೂಯಾಳನ್ನು ಕಂಡು ಗಾಲಿಯ ಹಿಂದೆ ಸರಿದಾಳು ಎಂದು ಎಣಿಸುತ್ತ ಅವನು ತಕ್ಕಡಿಯನ್ನು ಹೆಗಲಿಗೆ ಬಿಗಿಹಿಡಿದು ನಡೆದ.

ಬಾಗಿಲಲ್ಲಿ ಪಕ್ಕದ ಮನೆಯ ಕುಬರಾ ನಿಂತಿದ್ದಳು. ತಕ್ಕಡಿ ನೋಡಿದವಳೇ, "ಎಲ್ಲರ ಮುಂದ ತೂಗಬ್ಯಾಡ್ರಿ ಭೈ, ನಜರ್ ತಾಗ್ತದ. ಮೂರ್ತಿ ಸಣ್ಣದಾದ್ರೂ ಕೀರ್ತಿ ದೊಡ್ಡದ್ರಿ ಆಕೀದು" ಎಂದಳು. ಇಡೀ ದಿನದಲ್ಲಿ ಕೇಳಿದ ಒಳ್ಳೆಯ ಮಾತು ಅದೊಂದೇ. ಮನ್ಮಥಪ್ಪ ಹಿತ್ತಲಿಗೆ ಹೋಗಿ ತಟ್ಟೆಗಳನ್ನು ಬೂದಿ ಹಚ್ಚಿ ತಿಕ್ಕತೊಡಗಿದ. ತೊಗರಿಯ ಧೂಳು ಬಿಟ್ಟುಕೊಂಡು ಹಿತ್ತಾಳೆ ಹಳದಿಯಾಗಿ ಹೊಳೆಯಿತು. ಅನುಸೂಯಾ ನೀರಿನ ನೆವ ಮಾಡಿ ಬಂದು ಕೊಡ ಇಟ್ಟಳು. ಬಗ್ಗಿದವಳು ಏಳಲೇ ಇಲ್ಲ.

"ಭಾಲ್ಕಿ ಅಕ್ಕೋರು ಕೌದಿ ಹೊಲದು ತಂದಾರ್ರಿ" ಎಂದಳು. "ಕೂಸಿಗಿ ಹೊಚ್ಚಿ ಒಯ್ಲಿಕ್ಕಂತ. ಗಾಡಿ ಎತ್ತಿನ ಕೊಳ್ಳ ಬಿಚ್ಚಿಲ್ಲ, ಹೊಂಡ್ಲಿಕ್ಕ ತಯಾರ ನಿಂತದ."

"ಇನ್ನಾ ತೂಗಿಲ್ಲಲ್ಲ."

"ಎಲ್ಲರ ಕಣ್ಣಾಗ ತೂಗಿ ಮುಗದದ. ನನ್ನ ಎದಿಯಾಗ ಹಾಲ ಅದಾವ್ರಿ. ಆಕಿ ಕುಡೀತಾಳ. ಸಣ್ಣಾಕಿ ಅದಾಳ, ಅಷ್ಟೇ. ಸಣ್ಣಾಕಿ ಇರೋದು ತಪ್ಪೇನ್ರಿ?"

ಅವನಿಗೆ ಅಳು ಬರುವ ಹಾಗಾಯಿತು. "ತಕ್ಕಡಿ ಏನ ಹೇಳ್ತದೋ ಅದು" ಎಂದ, ಗಂಜದಲ್ಲಿ ಜಗಳಕ್ಕೆ ಬಂದ ರೈತರಿಗೆ ಹೇಳುವ ಮಾತನ್ನೇ.

"ತಕ್ಕಡಿ ಹಿಡಿಯೋ ಕೈ ಯಾರದ್ರಿ?" ಎಂದು ಕೇಳಿ ಅನುಸೂಯಾ ಕೊಡ ಎತ್ತಿಕೊಂಡು ಹೋದಳು. ಕೊಡದಲ್ಲಿ ನೀರಿರಲಿಲ್ಲ.

ಆ ಮಾತಿನ ಅರ್ಥ ತಿಳಿಯದಷ್ಟು ದಡ್ಡನಲ್ಲ ಅವನು. ಗಂಜದಲ್ಲಿ ಅದನ್ನು ಬೆರಳು ಕೊಡುವುದು ಎನ್ನುತ್ತಾರೆ. ತಕ್ಕಡಿಯ ದಂಡಿಗೆಯನ್ನು ಹಿಡಿದ ಕೈಯ ಕಿರುಬೆರಳು ತಟ್ಟೆಯ ಸರಪಳಿಗೆ ತಾಗಿಯೂ ತಾಗದಂತೆ ಇಳಿಯುತ್ತದೆ, ಅಷ್ಟರಲ್ಲಿ ಚೀಲದ ತೂಕ ಹೆಚ್ಚೋ ಕಡಿಮೆಯೋ ಆಗಿಹೋಗುತ್ತದೆ. ಅಪ್ಪ ಕೆಲಸ ಕಲಿಸಿದ ಮೊದಲ ದಿನವೇ ಅವನ ಕಿರುಬೆರಳಿಗೆ ದಾರ ಸುತ್ತಿ ಅಂಗೈಗೆ ಕಟ್ಟಿಬಿಟ್ಟಿದ್ದ. ಬೆರಳು ಮಡಚಿಕೊಂಡೇ ತೂಗುವುದು ರೂಢಿಯಾಗುವವರೆಗೆ ದಾರ ಬಿಚ್ಚಿರಲಿಲ್ಲ. ಇಂದಿಗೂ ಊಟಕ್ಕೆ ಕುಳಿತಾಗ ಕೂಡ ಅವನ ಕಿರುಬೆರಳು ಮಡಚಿಕೊಂಡೇ ಇರುತ್ತದೆ. ತಟ್ಟೆ ತಿಕ್ಕುತ್ತಾ ಅವನು ಲೆಕ್ಕ ಹಾಕಿದ. ಮೋಸವಾದರೆ ಯಾರಿಗೆ? ಪೆಂಟೆ ಹೇಗೂ ಇಡೀ ದಾಸೋಹಕ್ಕೇ ಹೋಗುತ್ತದೆ. ಬಸವಣ್ಣನಿಗೆ ನಷ್ಟವಿಲ್ಲ. ಭಾಲ್ಕಿಯ ಎಮ್ಮೆಗಂತೂ ಇಲ್ಲವೇ ಇಲ್ಲ. ಹೀಗೆ ವಾದ ಹೂಡಿದಷ್ಟೂ ಒಳಗಿನವನೊಬ್ಬ, ವಾದ ಯಾಕೆ ಬೇಕಾಯಿತು ಹಾಗಾದರೆ, ಎಂದು ಕೇಳುತ್ತಲೇ ಇದ್ದ.

ಪಡಸಾಲೆಯಲ್ಲಿ ಜನ ಕೂಡಿದ್ದರು. ಸೋದರಮಾವನೇ ಮೊದಲ ತುತ್ತು ಕೊಡಬೇಕೆಂದು ಎಕಂಬಾದಿಂದ ಬಂದಿದ್ದ ಅನುಸೂಯಾಳ ಅಣ್ಣ ಶಿವರಾಜಪ್ಪ, ಕೋಣದಂಥ ಆಳು, ಬೆಳ್ಳಿಯ ಬಟ್ಟಲನ್ನು ಒಡೆದುಹೋದೀತೆಂಬಂತೆ ಹಿಡಿದು ಕುಳಿತಿದ್ದ. ಹಾಲಿನಲ್ಲಿ ಬೆಂದ ಮೆತ್ತನೆಯ ಅನ್ನ, ಮೇಲೆ ತುಪ್ಪ. ಕೂಸು ಗುರಮ್ಮನ ತೊಡೆಯ ಮೇಲೆ ಕುಳಿತು ಸೋದರಮಾವನ ಮೀಸೆಯನ್ನು ಬೆರಗಿನಿಂದ ನೋಡುತ್ತಿತ್ತು. ತುತ್ತು ಹತ್ತಿರ ಬಂದದ್ದೇ ತಡ ತುಟಿ ಬಿಗಿಯಿತು. ಶಿವರಾಜಪ್ಪ ತಾನೇ ಬಾಯಿ ತೆರೆದು ತೋರಿಸಿದ, ಗುಬ್ಬಿ ಬಂತು ಎಂದ, ಕಾಗೆ ಬಂತು ಎಂದ, ಬೆವರಿದ. ಕೂಸಿನ ಗಲ್ಲಕ್ಕೆ, ಮೂಗಿಗೆ, ಹಣೆಯ ವಿಭೂತಿಗೆ ಅನ್ನ ಮೆತ್ತಿತೇ ಹೊರತು ಬಾಯಿಗೆ ಒಂದಗುಳೂ ಹೋಗಲಿಲ್ಲ.

"ಹಿಂಗ ಲಲ್ಲಿ ಹೊಡದ್ರ ಉಣ್ತಾವೇನೋ ಮಕ್ಕಳು?" ಎಂದಳು ಗುರಮ್ಮ. "ಉಣ್ಣಿಸೋದಂದ್ರ ಉಣ್ಣಿಸೋದು. ನನ್ನ ಮಕ್ಕಳಿಗಿ ಒಳಲಿಯಿಂದ ಹಾಕಿ ಹಾಕೇ ಅಷ್ಟ ಗಟ್ಟಿ ಆಗ್ಯಾರ." ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂತಿಯುಳ್ಳ ಹಿತ್ತಾಳೆಯ ಒಳಲೆಯಿಂದ ತೆಳ್ಳನೆಯ ಗಂಜಿಯನ್ನು ಬಾಯಿಯ ಮೂಲೆಗೆ ಬಿಟ್ಟಳು. ಅವಳ ಮುಖದಲ್ಲಿದ್ದದ್ದು ಅಕ್ಕರೆಯೇ. ಕೂಸು ಒಂದು ಗುಟುಕು ನುಂಗಿತು, ಎರಡನೆಯದಕ್ಕೆ ಉಸಿರು ಸಿಕ್ಕಿಕೊಂಡು ಕಣ್ಣು ಮೇಲೆ ಮಾಡಿತು. ಗುರಮ್ಮ ತಟ್ಟನೆ ಎತ್ತಿ ಬೆನ್ನು ಬಡಿದಳು. ಗಂಜಿಯೆಲ್ಲ ಅವಳ ಸೀರೆಯ ಮೇಲೆ ಬಂತು, ಹಿಂದೆಯೇ ಅಳು. ಮನ್ಮಥಪ್ಪನ ಕೈಗಳು ತಾವಾಗಿಯೇ ಮುಂದೆ ಹೋಗಿದ್ದವು. ಅಪ್ಪ ನೋಡುತ್ತಿದ್ದಾನೆಂದು ಅರಿವಾಗಿ, ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿಕೊಳ್ಳುವಾಗ ಅಂಗಳದ ಆ ಹೆಂಗಸು ನೆನಪಾದಳು. ಅವಳ ಮೇಲೆ ಇಷ್ಟು ವರ್ಷ ಇಲ್ಲದ ಪ್ರೀತಿ ಉಕ್ಕಿತು, ಆದರೆ ಈಗ ಯಾರ ಮುಂದೆ ಹೇಳುವುದು?

"ನೋಡಪಾ" ಎಂದಳು ಗುರಮ್ಮ, ದನಿ ಮೆತ್ತಗಾಗಿತ್ತು. "ನಾ ಕೆಟ್ಟಾಕಿ ಅಲ್ಲ. ಉಣ್ಣದ ಕೂಸು ಹ್ಯಾಂಗ ಉಳೀತದ ಹೇಳು. ಅವ್ವನ ಹೆಸರಿಂದು. ಉಳೀಬೇಕೋ ಬ್ಯಾಡೋ?"

"ತೂಗು" ಎಂದ ಹಾವಗೆಪ್ಪ.

ತೊಟ್ಟಿಲನ್ನು ಇಳಿಸಿ, ಅದರ ಕೊಂಡಿಗೇ ತಕ್ಕಡಿ ಕಟ್ಟಿದರು. ಒಂದು ತಟ್ಟೆಗೆ ಮಡಚಿದ ಧೋತರ ಹಾಸಿ, ಅದರ ಭಾರ ಸರಿದೂಗಲು ಇನ್ನೊಂದಕ್ಕೂ ಅಂಥದ್ದೇ ಹಾಸಿ, ಪೆಂಟೆ ಇಟ್ಟರು. ಬಿಸಿಲಿಗೆ ಬೆಲ್ಲ ಬೆವರಿತ್ತು. ಅದನ್ನು ಸರಿಯಾಗಿ ನಡುವೆ ಕೂಡಿಸುವಾಗ ಮನ್ಮಥಪ್ಪನ ಬೆರಳೆಲ್ಲ ಅಂಟಂಟಾಯಿತು. ಗುರಮ್ಮ ಕೂಸಿನ ಕಾಲ್ಗಡಗ, ಕೈಬಳೆ ಬಿಚ್ಚಿದಳು. ಕೊರಳಿನ ಲಿಂಗಕ್ಕೆ ಕೈ ಹೋದಾಗ ಶಿವರಾಜಪ್ಪ ಬಾಯಿಬಿಟ್ಟ. "ಅದ ಇರಲಿರಿ ಅಕ್ಕೋರೇ, ಅಷ್ಟ ತೂಕ ಬಸವಣ್ಣಂದು" ಎಂದ. ಎಲ್ಲರೂ ನಕ್ಕರು. ಆ ನಗೆಯ ನಡುವೆಯೇ ಕೂಸನ್ನು ತಟ್ಟೆಯಲ್ಲಿ ಕೂಡಿಸಿದರು. ಅಳು ನಿಲ್ಲಿಸಿ ಅದು ಎರಡೂ ಕೈಯಿಂದ ಸರಪಳಿ ಹಿಡಿದುಕೊಂಡಿತು.

ಮನ್ಮಥಪ್ಪ ದಂಡಿಗೆಯನ್ನು ಹಿಡಿದ. ಬಿಡುವ ಮೊದಲೇ ಅವನಿಗೆ ತಿಳಿದಿತ್ತು. ತೂಕದವನ ಕೈಗೆ ದಂಡಿಗೆಯ ನಡುಕದಲ್ಲೇ ಎಲ್ಲ ತಿಳಿಯುತ್ತದೆ. ಹೆಚ್ಚಲ್ಲ, ಒಂದಿಷ್ಟೇ, ಒಂದು ಹಿಡಿ ತೊಗರಿಯಷ್ಟು ಕಡಿಮೆ. ಅಡುಗೆಮನೆಯ ಬಾಗಿಲಲ್ಲಿ ಅನುಸೂಯಾಳ ಸೆರಗು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವನ ಕಿರುಬೆರಳು ಮಡಿಕೆ ಬಿಚ್ಚಿಕೊಂಡು, ಎಷ್ಟೋ ವರ್ಷ ಕಟ್ಟಿಹಾಕಿದ್ದಂತೆ ಸೆಟೆದುಕೊಂಡು, ಕೂಸಿನ ಸರಪಳಿಯ ಕಡೆಗೆ ಇಳಿಯಿತು. ತಾಗಿತು. ಬೆಲ್ಲ ಅಲುಗಾಡಿ ಏಳತೊಡಗಿತು. ಆಗ ಅವನು ಮಾಡಬಾರದ್ದೊಂದನ್ನು ಮಾಡಿದ, ಅಪ್ಪನ ಕಡೆ ನೋಡಿದ. ಹಾವಗೆಪ್ಪ ಮುಳ್ಳನ್ನು ನೋಡುತ್ತಿರಲಿಲ್ಲ, ಬೆಲ್ಲವನ್ನೂ ನೋಡುತ್ತಿರಲಿಲ್ಲ. ಬೆರಳನ್ನು ನೋಡುತ್ತಿದ್ದ.

ಬೆರಳು ತಾನಾಗಿಯೇ ಮಡಚಿಕೊಂಡಿತು. ನಾಚಿಕೆಯಿಂದ ಮನ್ಮಥಪ್ಪನ ಕಿವಿ ಬಿಸಿಯಾಯಿತು. ಬೆಲ್ಲ ಕೆಳಗಿಳಿಯಿತು, ಕೂಸು ಮೆಲ್ಲಗೆ ಮೇಲೇರಿತು. ಏರಿದ್ದಕ್ಕೆ ಅದಕ್ಕೆ ಖುಷಿಯಾಗಿ, ಅನ್ನ ಮೆತ್ತಿದ ಮುಖವನ್ನೆಲ್ಲ ಅರಳಿಸಿ ನಕ್ಕಿತು. ಪಡಸಾಲೆಯಲ್ಲಿ ಬೇರೆ ಯಾರೂ ನಗಲಿಲ್ಲ. ಬಾಗಿಲಿನ ಸೆರಗು ಮಾಯವಾಯಿತು. ಗುರಮ್ಮ ನಿಟ್ಟುಸಿರು ಬಿಟ್ಟು ಕೌದಿಯ ಗಂಟಿಗೆ ಕೈ ಹಾಕಿದಳು.

"ತಡಿ" ಎಂದ ಹಾವಗೆಪ್ಪ. ಮೊಣಕಾಲಿಗೆ ಕೈ ಊರಿ ಎದ್ದ. "ಕೂಸಿನ ವಿಭೂತಿ ಅಳಸೇದ. ವಿಭೂತಿ ಇಲ್ದ ತೂಗ್ತಾರೇನು?"

ಬಂದು ತಕ್ಕಡಿಯ ಮುಂದೆ ನಿಂತ. ವಯಸ್ಸಾದವನು, ನಿಲ್ಲಲು ಆಸರೆ ಬೇಕು ಎನ್ನುವಂತೆ ಎಡಗೈಯನ್ನು ಕೂಸಿನ ತಟ್ಟೆಯ ಅಂಚಿಗೆ ಇಟ್ಟ. ಬಲಗೈಯಿಂದ ಅನ್ನದ ಅಗುಳು ಒರೆಸಿ, ವಿಭೂತಿಯನ್ನು ಒಂದೊಂದೇ ಗೆರೆಯಾಗಿ ಎಳೆಯತೊಡಗಿದ. ಅಷ್ಟು ನಿಧಾನವಾಗಿ ಅವನು ತನ್ನ ಹಣೆಗೂ ಎಂದೂ ಎಳೆದುಕೊಂಡವನಲ್ಲ. ತಟ್ಟೆ ಇಳಿಯಿತು. ಇಳಿಯುತ್ತಲೇ ಇತ್ತು. ಆಚೆ ಪೆಂಟೆ ಎದ್ದು ಶಿವರಾಜಪ್ಪನ ಮೂಗಿನ ಮಟ್ಟಕ್ಕೆ ಬಂತು. ಒರಗಿಕೊಂಡವನ ಕೈ ಸಡಿಲವಾಗಿರುತ್ತದೆ, ಆದರೆ ಆ ಎಡಗೈಯ ನರಗಳೆಲ್ಲ ಉಬ್ಬಿ ನಿಂತಿದ್ದನ್ನು ಮನ್ಮಥಪ್ಪ ಕಂಡ. ಗಂಜದಲ್ಲಿ ತೂಕ ಎಂದರೆ ಮಾತು ಮುಗಿಯಿತು ಎನ್ನಿಸಿಕೊಂಡಿದ್ದ ಕೈ ಅದು. ಇದೇ ಕೈ ಅಂದು ಎಲ್ಲಿ ಹೋಗಿತ್ತು ಎಂದು ಅವನಿಗೆ ಕೂಗಿ ಕೇಳಬೇಕೆನ್ನಿಸಿತು. ಕೇಳುವ ಮೊದಲೇ ಸಿಟ್ಟು ಕರಗಿತು. ಅಪ್ಪನ ಮೇಲೆ ಅಷ್ಟು ಪ್ರೀತಿ ತನ್ನಲ್ಲಿ ಇತ್ತೆಂಬುದು ಅವನಿಗೇ ಗೊತ್ತಿರಲಿಲ್ಲ.

"ತೂಕ ಆತು" ಎಂದ ಹಾವಗೆಪ್ಪ. "ಕೂಸು ಗಟ್ಟಿ ಅದ. ಮನ್ಯಾಗಽ ಇರ್ತದ."

ಗುರಮ್ಮನೂ ತೂಕದವನ ಮಗಳೇ. "ಅಪ್ಪಾ..." ಎಂದಳು.

"ಏನವ್ವಾ?"

ಅವಳು ಅಪ್ಪನ ಕೈ ನೋಡಿದಳು, ತಮ್ಮನ ಮುಖ ನೋಡಿದಳು. ಗಾಡಿಯ ಗಾಲಿಯ ಹಿಂದಿನಿಂದ ಅಂದು ಅವನನ್ನು ಎಳೆದು ಸೊಂಟಕ್ಕೆ ಎತ್ತಿಕೊಂಡವಳು ಅವಳೇ. "ಏನಿಲ್ಲ ಬಿಡು" ಎಂದು ಕೌದಿಯ ಗಂಟು ಬಿಚ್ಚಿ, ತೊಟ್ಟಿಲ ಮೂಲೆಮೂಲೆಗೂ ಕೈಯಾಡಿಸಿ ಹಾಸತೊಡಗಿದಳು.

"ತೆಗಿ ಕೂಸಿಗಿ" ಎಂದ ಹಾವಗೆಪ್ಪ. ಅಪ್ಪ ಯಾರಿಗೆ ಹೇಳಿದನೆಂದು ಮನ್ಮಥಪ್ಪ ಹಿಂದೆ ತಿರುಗಿ ನೋಡಿದ. "ನಿನಗಽ ಅಂದಿದ್ದು. ನನ್ನ ಕೈ ಸೋತಾವ. ತೆಗಿ."

ಅಪ್ಪನ ಮುಂದೆ, ಅಕ್ಕನ ಮುಂದೆ, ಹೆಂಡತಿಯ ಅಣ್ಣನ ಮುಂದೆ, ಬಾಗಿಲಲ್ಲಿ ನಿಂತ ಕುಬರಾಳ ಮುಂದೆ ಅವನು ಮಗಳನ್ನು ಎತ್ತಿಕೊಂಡ. ಅಡುಗೆಮನೆಯ ಬಾಗಿಲಿಗೆ ಸೆರಗು ಮರಳಿ ಬಂತು, ಈ ಸಲ ಮುಖವೂ ಬಂತು.

ಗುರಮ್ಮ ಮೂಗೊರೆಸಿಕೊಂಡು ಚೇಷ್ಟೆಗಿಳಿದಳು. "ಗಂಜದಾಗ ಚೀಲ ಎತ್ತಿದ ಕೂಡ್ಲೇ ತೂಕ ಹೇಳ್ತೀಯಂತ. ಹೇಳು ನೋಡೋಣು, ಎಷ್ಟದ ನಿನ್ನ ಮಗಳು?"

ಅವನು ಕಣ್ಣು ಮುಚ್ಚಿ ಅಂದಾಜು ಮಾಡಲು ನೋಡಿದ. ಬಿಸಿ ಇತ್ತು, ಹಾಲಿನ ವಾಸನೆ ಇತ್ತು, ಕೊರಳಿಗೆ ತಾಗುವ ಉಸಿರಿತ್ತು. "ಗೊತ್ತಾಗವಲ್ದಕ್ಕಾ" ಎಂದ.

ಅಷ್ಟರಲ್ಲಿ ಕೂಸು ಅವನ ಕೈಯನ್ನು ತಡಕಿ, ಮಡಚಿದ್ದ ಕಿರುಬೆರಳನ್ನು ಬಿಡಿಸಿ, ಬೆಲ್ಲದ ಅಂಟನ್ನು ಒಮ್ಮೆ ನೆಕ್ಕಿ, ಹುಬ್ಬು ಗಂಟಿಕ್ಕಿ ಯೋಚಿಸಿತು. ಆಮೇಲೆ ಬೆರಳನ್ನು ಪೂರ್ತಿ ಬಾಯೊಳಗೆ ಎಳೆದುಕೊಂಡು ಚೀಪತೊಡಗಿತು. ಹಲ್ಲಿಲ್ಲದ ವಸಡಿನ ಹಿಡಿತ ಎಷ್ಟು ಗಟ್ಟಿಯಿತ್ತೆಂದರೆ ಅವನಿಗೆ ನೋಯಿತು. ಅನುಸೂಯಾ ಮಾವನ ಎದುರು ಎಂಬುದನ್ನೂ ಮರೆತು ಗಟ್ಟಿಯಾಗಿ, "ತಿಂತಾಳ್ರಿ!" ಎಂದಳು.

ಬೆರಳು ಸಪ್ಪೆಯಾದದ್ದೇ ಕೂಸು ಅದನ್ನು ಉಗುಳಿ ತಂದೆಯ ಮುಖ ನೋಡಿತು.

"ಇನ್ನಿಷ್ಟ ಹಚ್ಚು" ಎಂದ ಹಾವಗೆಪ್ಪ, ತನ್ನ ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತ.

"ಅದು ದಾಸೋಹದ ಬೆಲ್ಲ ಅಲ್ಲೇನಪ್ಪಾ."

"ಇದೂ ದಾಸೋಹನೇ. ಹಚ್ಚು."

ಮನ್ಮಥಪ್ಪ ಮಗಳನ್ನು ಎದೆಗವಚಿಕೊಂಡು, ಕಿರುಬೆರಳನ್ನು ಚಾಚಿ, ಎಲ್ಲರೂ ನೋಡುತ್ತಿರುವಾಗಲೇ ತಕ್ಕಡಿಯ ಬೆಲ್ಲದ ತಟ್ಟೆಗೆ ಕೈ ಹಾಕಿದ.